ಹಾಡುವ ಪೆಟ್ಟಿಗೆಯ ಜೀವ ನಮ್ಮ ಕೈಯಲ್ಲಿರಲಿ

ಗಡಿನಾಡಿನ ಕನ್ನಡದ ಮಾತು ಬಂದಾಗಲೆಲ್ಲ ಶಾಲೆ, ನಾಮಫಲಕ, ನೀರು, ನೌಕರಿ ಎಂಬ ನಾಲ್ಕು ವಿಷಯಗಳನ್ನು ನಾವು ತಪ್ಪದೆ ಎತ್ತುತ್ತೇವೆ. ಎತ್ತಲೇಬೇಕು. ಆದರೆ ಜತ್ತ ತಾಲೂಕಿನ ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರಗಳ ಮನೆಗಳಲ್ಲಿ ನಿತ್ಯವೂ ಕನ್ನಡವನ್ನು ಕಿವಿಗೆ ತಲುಪಿಸುತ್ತಿರುವ ಇನ್ನೊಂದು ಸಾಧನವಿದೆ. ನಮ್ಮ ಠರಾವುಗಳಲ್ಲಿ ಅದಕ್ಕೆ ಜಾಗವಿಲ್ಲ. ಅದು ಅಂಗೈಯಗಲದ ಹಾಡಿನ ಪೆಟ್ಟಿಗೆ. ಚಿಪ್ ಹಾಕಿ ಗುಂಡಿ ಒತ್ತಿದರೆ ದಾನಮ್ಮದೇವಿಯ ಪದ, ಶರಣರ ವಚನ, ಡೊಳ್ಳಿನ ಹಾಡು, ಶ್ರೀಕೃಷ್ಣ ಪಾರಿಜಾತದ ಸಂವಾದ ಎಲ್ಲವೂ ದ್ರಾಕ್ಷಿಯ ಪಡದಲ್ಲಿ, ದನದ ಕೊಟ್ಟಿಗೆಯಲ್ಲಿ, ಅಜ್ಜನ ತಲೆದಿಂಬಿನ ಪಕ್ಕದಲ್ಲಿ ಕೇಳಿಬರುತ್ತವೆ. ಮರಾಠಿ ಶಾಲೆಗೆ ಹೋಗುವ ಎಷ್ಟೋ ಮೊಮ್ಮಕ್ಕಳಿಗೆ ಅಜ್ಜಿಯ ಬಾಯಿಯ ಆಚೆಗೆ ಸಿಗುವ ಕನ್ನಡ ಅಷ್ಟೇ.

ಈ ಪೆಟ್ಟಿಗೆ ಎರಡು ಮೂರು ವರ್ಷಕ್ಕೆ ದಣಿಯುತ್ತದೆ. ರಾತ್ರಿಯಿಡೀ ಚಾರ್ಜಿಗೆ ಇಟ್ಟರೂ ಅರ್ಧ ತಾಸು ಹಾಡಿ ಸುಮ್ಮನಾಗುತ್ತದೆ. ಅಂಗಡಿಗೆ ಒಯ್ದರೆ ಸಿಗುವ ಉತ್ತರ ಒಂದೇ: “ಇದು ಮುಗೀತ್ರಿ, ಹೊಸಾದು ತಗೋರಿ.” ಈ ಮಾತನ್ನು ನಾವು ಒಪ್ಪುವುದಿಲ್ಲ. ಹೆಚ್ಚಿನ ವೇಳೆ ಮುಗಿದಿರುವುದು ಪೆಟ್ಟಿಗೆಯಲ್ಲ, ಅದರೊಳಗಿನ ಬ್ಯಾಟರಿ ಮಾತ್ರ. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸಲ ತುಂಬಿ ಬರಿದಾಗುವಷ್ಟರಲ್ಲಿ ತನ್ನ ಶಕ್ತಿಯ ಗಣನೀಯ ಪಾಲನ್ನು ಕಳೆದುಕೊಳ್ಳುತ್ತದೆ. ನಮ್ಮ ಕಡೆಯ ಬೇಸಿಗೆಯ ಕಾವು ಆ ಸವೆತವನ್ನು ಇನ್ನಷ್ಟು ಬೇಗಗೊಳಿಸುತ್ತದೆ. ಸ್ಪೀಕರು, ಗುಂಡಿ, ರೇಡಿಯೊ ಎಲ್ಲವೂ ಗಟ್ಟಿಯಾಗಿರುವಾಗ ಪೆಟ್ಟಿಗೆಯನ್ನೇ ಎಸೆಯಿರೆಂಬುದು, ಟೈರು ಸವೆಯಿತೆಂದು ಟ್ರ್ಯಾಕ್ಟರನ್ನು ಮೋಡಕಾ ಅಂಗಡಿಗೆ ಹಾಕಿರೆಂದಂತೆ.

ನಮ್ಮದೇ ಸಾಂಗಲಿ ಜಿಲ್ಲೆಯ ಮೀರಜ ಇದಕ್ಕೆ ತಕ್ಕ ಉತ್ತರ ಹೇಳುತ್ತದೆ. ಅಲ್ಲಿನ ಕುಶಲಿಗಳು ತಲೆಮಾರುಗಳಿಂದ ಸಿತಾರ್, ತಂಬೂರಿಗಳನ್ನು ಕಟ್ಟುತ್ತ ಬಂದಿದ್ದಾರೆ; 2024ರಲ್ಲಿ ಆ ವಾದ್ಯಗಳಿಗೆ ಭೌಗೋಳಿಕ ಸೂಚಕ ಮನ್ನಣೆಯೂ ದೊರೆಯಿತು. ತಂಬೂರಿಯ ತಂತಿ ಹರಿದರೆ ಹೊಸ ತಂತಿ, ಕುದುರೆ ಸವೆದರೆ ಜವಾರಿ ತಿದ್ದುವಿಕೆ, ಬುರುಡೆ ಸೀಳಿದರೆ ಬೆಸುಗೆ. ಬಿಚ್ಚಿ ಸರಿಪಡಿಸಲಾಗದ ವಾದ್ಯವನ್ನು ಅವರು ವಾದ್ಯವೆನ್ನಲಾರರು. ಅದೇ ಜಿಲ್ಲೆಯ ನಾವು ಅಂಟು ಹಾಕಿ ಮುಚ್ಚಿದ ಪೆಟ್ಟಿಗೆಯ ಎದುರು ಏಕೆ ಕೈಕಟ್ಟಿ ಕೂಡಬೇಕು? ಬೋರ್‌ವೆಲ್ಲಿನ ಮೋಟಾರನ್ನು ಮೇಲೆತ್ತಿ ವೈಂಡಿಂಗ್ ಮಾಡಿಸುವ, ಸ್ಟಾರ್ಟರಿನ ದೋಷವನ್ನು ತಾನೇ ಹುಡುಕುವ ರೈತನಿಗೆ ನಾಲ್ಕು ತಿರುಪುಗಳು ದೊಡ್ಡ ಮಾತಲ್ಲ.

ಕೆಲಸವಾದರೂ ಏನು? ಮೊದಲು ಪೆಟ್ಟಿಗೆಯನ್ನು ಆರಿಸಿ, ಚಾರ್ಜರು ಕಳಚಿ, ಚಿಪ್ ಹೊರತೆಗೆದಿಡಬೇಕು. ತಿರುಪುಗಳು ಕಾಣದಿದ್ದರೆ ರಬ್ಬರಿನ ಪಾದಗಳ ಕೆಳಗೋ ಚೀಟಿಯ ಹಿಂದೆಯೋ ಹುಡುಕಬೇಕು. ಒಳಗಿನ ಜೋಡಣೆಯ ಒಂದು ಚಿತ್ರವನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ಮರುಜೋಡಣೆ ಸುಲಭ. ಅನೇಕ ಅಗ್ಗದ ಪೆಟ್ಟಿಗೆಗಳಲ್ಲಿ ಇರುವುದು ಹಳೆಯ ನೋಕಿಯಾ ಫೋನುಗಳ ಬಿಎಲ್-5ಸಿ ಬ್ಯಾಟರಿ. ಅದಕ್ಕೆ ತಿರುಪು ಬಿಚ್ಚುವುದೂ ಬೇಡ, ಹಿಂದಿನ ಮುಚ್ಚಳ ಸರಿಸಿದರೆ ಸಾಕು. ಕೆಲವದರಲ್ಲಿ 18650 ಎಂಬ ದುಂಡು ಸೆಲ್ ಇರುತ್ತದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಚಪ್ಪಟೆ ಬ್ಯಾಟರಿಯ ಮೇಲೆ 503450 ಎಂದಿದ್ದರೆ 5 ಮಿಲಿಮೀಟರ್ ದಪ್ಪ, 34 ಅಗಲ, 50 ಉದ್ದ ಎಂದರ್ಥ. ಹೊಸದು ಅದೇ ಅಳತೆಯದಾಗಿರಬೇಕು, ಅದೇ 3.7 ವೋಲ್ಟಿನದಾಗಿರಬೇಕು, ರಕ್ಷಣಾ ಸರ್ಕೀಟು ಉಳ್ಳದ್ದಾಗಿರಬೇಕು. ಕೆಂಪು ತಂತಿ ಕೆಂಪಿನ ಜಾಗಕ್ಕೆ, ಕಪ್ಪು ಕಪ್ಪಿನ ಜಾಗಕ್ಕೆ. ಎರಡೂ ತಂತಿಗಳನ್ನು ಒಟ್ಟಿಗೆ ಕತ್ತರಿಸಿದರೆ ಕಿಡಿ ಹಾರುತ್ತದೆ. ಆದ್ದರಿಂದ ಒಂದೊಂದಾಗಿಯೇ ಬಿಡಿಸಬೇಕು. ಬೆಸುಗೆಯ ಕೆಲಸ ಬಾರದವರು ಅಷ್ಟನ್ನು ಮಾತ್ರ ಬಲ್ಲವರಿಂದ ಮಾಡಿಸಿಕೊಳ್ಳಲಿ.

ಇದು ಅಪಾಯವೆಂದು ಹೇಳುವವರಿದ್ದಾರೆ. ಅಪಾಯ ಉಂಟು, ನಾವು ಮರೆಮಾಚುವುದಿಲ್ಲ. 2007ರಲ್ಲಿ ನೋಕಿಯಾ ಕಂಪನಿ ಇದೇ ಬಿಎಲ್-5ಸಿ ಮಾದರಿಯ 4.6 ಕೋಟಿ ಬ್ಯಾಟರಿಗಳು ಚಾರ್ಜಾಗುವಾಗ ಅತಿಯಾಗಿ ಬಿಸಿಯಾಗಬಹುದೆಂದು ಎಚ್ಚರಿಸಿ, ಅವನ್ನು ಬದಲಿಸಿಕೊಡಲು ಮುಂದಾಗಿತ್ತು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಬಾರದು, ತಿಪ್ಪೆಗೂ ಒಲೆಗೂ ಎಸೆಯಬಾರದು. ಆದರೆ ಅಪಾಯದ ಮಾತೇ ನಮ್ಮ ವಾದವನ್ನು ಬಲಪಡಿಸುತ್ತದೆ. ಬಿಚ್ಚಲು ಬಾರದ ಪೆಟ್ಟಿಗೆಯಲ್ಲಿ ಬ್ಯಾಟರಿ ಉಬ್ಬಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದ ಅಪಾಯಕ್ಕಿಂತ ಕಂಡ ಅಪಾಯ ಲೇಸು.

ಮೊಬೈಲ್ ಇರುವಾಗ ಈ ಪೆಟ್ಟಿಗೆ ಏಕೆಂದು ಕೇಳುವವರಿಗೂ ಉತ್ತರವಿದೆ. ಮೊಬೈಲ್ ಮೊಮ್ಮಗನ ಕೈಯಲ್ಲಿದೆ. ಅದಕ್ಕೆ ನೆಟ್‌ವರ್ಕ್ ಬೇಕು, ದುಡ್ಡು ಬೇಕು, ನಡುನಡುವೆ ಜಾಹೀರಾತು ಸಹಿಸಬೇಕು. ಕಣ್ಣು ಮಂದವಾದ ಅಜ್ಜಿಗೆ ಬೇಕಾದದ್ದು ಬೆರಳಿಗೆ ಸಿಗುವ ಒಂದು ದಪ್ಪ ಗುಂಡಿ. ಅದಕ್ಕಿಂತ ಮಿಗಿಲಾಗಿ, ಆ ಚಿಪ್ಪಿನೊಳಗೆ ಪೇಟೆಯಲ್ಲಿ ದೊರೆಯದ ಹಾಡುಗಳಿರುತ್ತವೆ: ಊರ ಭಜನಾ ಮಂಡಳಿಯದು, ತೀರಿಹೋದ ಹಿರಿಯರ ಕಂಠದ್ದು. ಪೆಟ್ಟಿಗೆಯೊಂದಿಗೆ ಚಿಪ್ಪೂ ಮೂಲೆ ಸೇರಿದರೆ ಆ ದನಿ ಮತ್ತೆ ಬರುವುದಿಲ್ಲ.

ತಪ್ಪು ಬಳಕೆದಾರರದೆಂದು ಹೇಳಿ ತಯಾರಕರು ಪಾರಾಗುವಂತಿಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿ, 2027ರ ಫೆಬ್ರವರಿ 18ರಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಬದಲಿಸುವಂತಿರಬೇಕೆಂದು ವಿಧಿಸಿದೆ. ಭಾರತ ಸರಕಾರವೂ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ನೇಮಿಸಿ, ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಅದೇ ವರ್ಷದ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರ ಮೇಲೆಯೇ ಹೊರಿಸಿವೆ. ಹೀಗಿದ್ದೂ ನಮ್ಮ ಹಳ್ಳಿಗಳಿಗೆ ಬರುವ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬ್ಯಾಟರಿ ಬದಲಿಸುವ ಒಂದು ಸಾಲೂ ಇರುವುದಿಲ್ಲ. ಇರುವ ನಾಲ್ಕು ಸಾಲು ಇಂಗ್ಲಿಷಿನಲ್ಲಿ. ಪೊಟ್ಟಣದ ಮೇಲಿನ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕೆನ್ನುವ 2011ರ ನಿಯಮವೇ ಇತರ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲವೆಂದೂ ಹೇಳುತ್ತದೆ. ಕನ್ನಡ ಹಾಡು ಮಾರಿ ಹಣ ಮಾಡುವವರಿಗೆ ಕನ್ನಡದಲ್ಲಿ ಹತ್ತು ಸಾಲು ಅಚ್ಚು ಹಾಕಿಸುವುದು ಭಾರವೇ?

ಸಂಘಗಳಾದ ನಮ್ಮ ಮೇಲೂ ಹೊಣೆಯಿದೆ. ಮುಂದಿನ ಸಮ್ಮೇಳನದಲ್ಲಿ ಪುಸ್ತಕ ಮಳಿಗೆಯ ಪಕ್ಕದಲ್ಲಿ ಒಂದು ದುರಸ್ತಿಯ ಮೇಜು ಇರಲಿ. ಕೈಕೆಲಸ ಬಲ್ಲ ತರುಣರು ಅಲ್ಲಿ ಕೂತು ಬ್ಯಾಟರಿ ಬದಲಿಸುವುದನ್ನು ಮನೆಮಂದಿಗೆ ಕಲಿಸಲಿ. ಹಳೆಯ ಬ್ಯಾಟರಿಗಳನ್ನು ಬೇರೆಯಾಗಿ ಕೂಡಿಸಿ ಒಪ್ಪಿಸುವ ವ್ಯವಸ್ಥೆಯಾಗಲಿ. ಪ್ರತಿ ಚಿಪ್ಪಿನ ಹಾಡುಗಳನ್ನು ನಕಲು ಮಾಡಿಡುವ ಕೆಲಸ ಅಲ್ಲಿಯೇ ನಡೆಯಲಿ. ಬ್ಯಾಟರಿ ಬದಲಿಸುವ ಕ್ರಮವನ್ನು ತಿಳಿಗನ್ನಡದಲ್ಲಿ ಒಂದು ಹಾಳೆಯಷ್ಟು ಅಚ್ಚು ಮಾಡಿ ಮನೆಮನೆಗೆ ಹಂಚೋಣ.

ಭಾಷೆ ಉಳಿಯುವುದು ವೇದಿಕೆಯ ಘೋಷಣೆಯಿಂದ ಮಾತ್ರವಲ್ಲ, ಮನೆಯಲ್ಲಿ ಕೇಳಿಬರುವ ದನಿಯಿಂದ. ಆ ದನಿಗೆ ಬೇಕಾದದ್ದು ಇಂದು ಒಂದು ಬ್ಯಾಟರಿ ಮತ್ತು ಅದನ್ನು ಬದಲಿಸಬಲ್ಲ ಕೈ. ಬ್ಯಾಟರಿ ಪೇಟೆಯಲ್ಲಿದೆ. ಕೈ ನಮ್ಮದಾಗಲಿ.