ಓದಿನ ದಾರಿ ಬದಲಿಸಿದವರ ವೀಸಾ

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದರೆ ಸೈನ್ಸ್, ಸೈನ್ಸ್ ಆದರೆ ಸಿಇಟಿ, ಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ಸಿಕ್ಕ ಬ್ರ್ಯಾಂಚು. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಮಕ್ಕಳ ವಿಷಯ ಆಯ್ಕೆ ನಡೆಯುವುದು ಹೆಚ್ಚಾಗಿ ಹೀಗೆಯೇ. ತನಗೆ ನಿಜವಾಗಿ ಏನು ಬೇಕಿತ್ತು ಎಂದು ಮಗುವಿಗೆ ಗೊತ್ತಾಗುವ ಹೊತ್ತಿಗೆ ಕೈಯಲ್ಲಿ ಬಿ.ಇ. ಪದವಿ ಇರುತ್ತದೆ, ಎರಡು ಮೂರು ವರ್ಷದ ನೌಕರಿಯೂ ಆಗಿರುತ್ತದೆ. ಆಗ ವಿಷಯ ಬದಲಿಸಿ ವಿದೇಶದಲ್ಲಿ ಓದುತ್ತೇನೆ ಎಂದು ಹೊರಟರೆ, ಅದು ಅವರ ಬದುಕಿನಲ್ಲಿ ಅವರೇ ಮಾಡಿಕೊಂಡ ಮೊದಲ ಆಯ್ಕೆ. ವೀಸಾ ಅಧಿಕಾರಿಯ ಮೇಜಿನ ಮೇಲೆ ಅದೇ ಅನುಮಾನದ ಮೊದಲ ಕಾರಣವಾಗುತ್ತದೆ.

ದಾವಣಗೆರೆ ಕಡೆಯ ಹುಡುಗಿಯೊಬ್ಬಳ ಅರ್ಜಿ ಕೆನಡಾದಿಂದ ತಿರಸ್ಕೃತವಾಗಿ ಬಂದಿತ್ತು. ಓದಿದ್ದು ಎಲೆಕ್ಟ್ರಾನಿಕ್ಸ್, ಸೀಟು ಸಿಕ್ಕಿದ್ದು ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್‌ಗೆ. ನೀವು ಕೊಟ್ಟ ವಿವರ ನೋಡಿದರೆ ನಿಮ್ಮ ಭೇಟಿಯ ಉದ್ದೇಶ ತಾತ್ಕಾಲಿಕ ವಾಸಕ್ಕೆ ಹೊಂದುವುದಿಲ್ಲ ಎನ್ನುವ ಅರ್ಥದ ಒಂದೇ ವಾಕ್ಯ ಆ ಪತ್ರದಲ್ಲಿ. ಅವಳ ಎಸ್‌ಒಪಿ, ಅಂದರೆ ಓದಿನ ಉದ್ದೇಶ ವಿವರಿಸುವ ಹೇಳಿಕೆಯನ್ನು, ತರಿಸಿಕೊಂಡು ಓದಿದೆ. ಅದನ್ನು ಬರೆದುಕೊಟ್ಟವರು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು. ಬಾಲ್ಯದಿಂದಲೂ ಆರೋಗ್ಯ ಕ್ಷೇತ್ರದತ್ತ ಸೆಳೆತವಿತ್ತು ಎಂದು ಶುರುವಾಗಿ, ವಿಶ್ವವಿದ್ಯಾಲಯದ ರ‍್ಯಾಂಕಿಂಗು, ಆ ದೇಶದ ಬಹುಸಂಸ್ಕೃತಿ ಎಂದು ಒಂದೂವರೆ ಪುಟ. ಅವಳು ಮಾಡಿದ ಕೆಲಸಕ್ಕೆ ಸಿಕ್ಕಿದ್ದು ಒಂದು ಸಾಲು: ವೈದ್ಯಕೀಯ ಉಪಕರಣಗಳ ಸರ್ವಿಸ್ ಎಂಜಿನಿಯರ್.

ಆ ಒಂದು ಸಾಲಿನ ಬಗ್ಗೆ ಕೇಳಿದರೆ ಅವಳು ಅರ್ಧ ಗಂಟೆ ಮಾತಾಡಿದಳು. ತಾಲ್ಲೂಕು ಆಸ್ಪತ್ರೆಗಳಿಗೆ ರಿಪೇರಿಗೆ ಹೋಗುತ್ತಿದ್ದಳಂತೆ. ಕೆಟ್ಟಿದೆ ಎಂದು ಕರೆದ ಕಡೆ ಎಷ್ಟೋ ಸಲ ಯಂತ್ರ ಸರಿಯಾಗಿಯೇ ಇರುತ್ತಿತ್ತು, ನಡೆಸಲು ಗೊತ್ತಿದ್ದ ಸಿಬ್ಬಂದಿಗೆ ವರ್ಗವಾಗಿರುತ್ತಿತ್ತು. ಒಂದು ಕಡೆ ಆಕ್ಸಿಜನ್ ಕಾನ್ಸನ್‌ಟ್ರೇಟರ್‌ಗಳು ಡಬ್ಬಿ ಒಡೆಯದೆ ಸ್ಟೋರ್ ರೂಮಿನಲ್ಲಿದ್ದವು. ಅವನ್ನು ಇಡಬೇಕಾದ ವಾರ್ಡಿನಲ್ಲಿ ಪ್ಲಗ್ ಪಾಯಿಂಟೇ ಇರಲಿಲ್ಲ. "ನಾನು ಯಂತ್ರ ರಿಪೇರಿ ಮಾಡಿ ಏನೂ ಆಗಲ್ಲ ಸರ್, ಯಾವ ಆಸ್ಪತ್ರೆಗೆ ಏನು ಬೇಕು ಅಂತ ತೀರ್ಮಾನ ಆಗೋ ಜಾಗದಲ್ಲಿ ನಾನಿರಬೇಕು" ಅಂದಳು. ಎಲೆಕ್ಟ್ರಾನಿಕ್ಸ್‌ನಿಂದ ಸಾರ್ವಜನಿಕ ಆರೋಗ್ಯಕ್ಕೆ ಇದಕ್ಕಿಂತ ನೇರವಾದ ದಾರಿ ಬೇಕೆ? ಇದರಲ್ಲಿ ಒಂದಕ್ಷರವೂ ಅರ್ಜಿಯಲ್ಲಿ ಇರಲಿಲ್ಲ. ಅವಳು ಹೇಳಿದ್ದಳಂತೆ, ಇದೆಲ್ಲ ಬರೆದರೆ ಉದ್ದವಾಗುತ್ತದೆ ಎಂದು ಕನ್ಸಲ್ಟೆನ್ಸಿಯವರು ಬಿಟ್ಟರಂತೆ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಅಧಿಕಾರಿಗಳ ಅನುಮಾನಕ್ಕೆ ಬುಡವಿಲ್ಲ ಎನ್ನುತ್ತಿಲ್ಲ. ಕೆಲಸಕ್ಕಾಗಿ ಹೋಗುವವರು ಸಿಕ್ಕ ಡಿಪ್ಲೊಮಾಕ್ಕೆ ಹೆಸರು ಬರೆಸುವುದು ಅವರಿಗೂ ಗೊತ್ತು. 2023ರಲ್ಲಿ ಏಜೆಂಟರು ಕೊಡಿಸಿದ ನಕಲಿ ಪ್ರವೇಶಪತ್ರಗಳ ಪ್ರಕರಣ ಬಯಲಾಗಿ, ಕೆನಡಾ ಆ ಡಿಸೆಂಬರ್ 1ರಿಂದ ಪ್ರತಿ ಪತ್ರವನ್ನೂ ಕಾಲೇಜಿನಿಂದಲೇ ಖಚಿತಪಡಿಸಿಕೊಳ್ಳತೊಡಗಿತು. 2024ರಲ್ಲಿ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಬಂತು, ಬೇಗ ಇತ್ಯರ್ಥವಾಗುತ್ತಿದ್ದ ಸ್ಟೂಡೆಂಟ್ ಡೈರೆಕ್ಟ್ ಸ್ಟ್ರೀಮ್ ನವೆಂಬರ್‌ನಲ್ಲಿ ನಿಂತಿತು. ಇಂಥ ಹೊತ್ತಿನಲ್ಲಿ ಹಿಂದಿನ ಓದಿಗೂ ಮುಂದಿನ ಓದಿಗೂ ಕೊಂಡಿ ಕಾಣದ ಅರ್ಜಿ ಮೊದಲು ಪಕ್ಕಕ್ಕೆ ಹೋಗುತ್ತದೆ.

ಆದರೆ ವಿಷಯ ಬದಲಿಸುವುದು ಯಾವ ಕಾನೂನಿನಲ್ಲೂ ತಪ್ಪಲ್ಲ. ವೀಸಾ ಅಧಿಕಾರಿ ವೃತ್ತಿ ಸಲಹೆಗಾರನಲ್ಲ ಎಂಬರ್ಥದ ಮಾತು ಕೆನಡಾದ ಫೆಡರಲ್ ಕೋರ್ಟಿನ ತೀರ್ಪುಗಳಲ್ಲೇ ಬಂದಿದೆ. ಅಧಿಕಾರಿ ಕೊಡುವ ಕಾರಣ ಸ್ಪಷ್ಟವಾಗಿ, ಸಮರ್ಥನೀಯವಾಗಿ ಇರಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರ ವಾವಿಲೋವ್ ತೀರ್ಪಿನಲ್ಲಿ ಹೇಳಿದೆ. ದೇಶದ ಹೊರಗಿರುವ ಅರ್ಜಿದಾರರು ತಿರಸ್ಕಾರ ತಿಳಿದ 60 ದಿನಗಳೊಳಗೆ ಫೆಡರಲ್ ಕೋರ್ಟಿಗೆ ಹೋಗಬಹುದು. ಖರ್ಚಿನ ದಾರಿ, ಎಲ್ಲರಿಗೂ ಆಗುವಂಥದ್ದಲ್ಲ. ಕೋರ್ಟಿಗೆ ಹೋದರೂ ಅಲ್ಲಿ ನೋಡುವುದು ಮೊದಲ ಅರ್ಜಿಯಲ್ಲಿ ಏನಿತ್ತು ಎಂಬುದನ್ನೇ. ಆದ್ದರಿಂದ ಮೊದಲ ಅರ್ಜಿಯೇ ಮುಖ್ಯ.

ಇನ್ನು ಬೇರೆ ದೇಶಗಳ ಮಾತು. ಆಸ್ಟ್ರೇಲಿಯಾ 2024ರ ಮಾರ್ಚ್‌ನಿಂದ ಪುಟಗಟ್ಟಲೆ ಹೇಳಿಕೆ ಬಿಟ್ಟು ನೇರ ಪ್ರಶ್ನೆಗಳನ್ನು ಕೇಳುತ್ತಿದೆ, ಒಂದೊಂದಕ್ಕೆ 150 ಪದಗಳ ಮಿತಿ. ಈ ಕೋರ್ಸೇ ಏಕೆ, ಇದರಿಂದ ನಿಮಗೇನು ಎನ್ನುವುದಕ್ಕೆ ಅಷ್ಟರಲ್ಲೇ ಉತ್ತರಿಸಬೇಕು. ಇದು ಒಳ್ಳೆಯ ಬದಲಾವಣೆ ಎಂದೇ ನನಗನಿಸುತ್ತದೆ. ಆದರೆ 2025ರ ಜುಲೈನಲ್ಲಿ ಅಲ್ಲಿನ ವೀಸಾ ಅರ್ಜಿಯ ಶುಲ್ಕ 2,000 ಆಸ್ಟ್ರೇಲಿಯನ್ ಡಾಲರಿಗೆ, ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಮೇಲಕ್ಕೆ, ಏರಿತು. ತಿರಸ್ಕಾರವಾದರೂ ಅದು ವಾಪಸ್ ಬರುವುದಿಲ್ಲ. ಜರ್ಮನಿಯ ಮಾಸ್ಟರ್ಸ್ ಕೋರ್ಸುಗಳು ಹೆಚ್ಚಾಗಿ ಸಂಬಂಧಪಟ್ಟ ವಿಷಯದಲ್ಲಿ ಇಂತಿಷ್ಟು ಕ್ರೆಡಿಟ್ ಕೇಳುವುದರಿಂದ, ವಿಷಯ ಬದಲಿಸುವವರ ಪ್ರಶ್ನೆ ವೀಸಾಕ್ಕೆ ಮೊದಲೇ ವಿಶ್ವವಿದ್ಯಾಲಯದಲ್ಲಿ ತೀರ್ಮಾನವಾಗಿಬಿಡುತ್ತದೆ. ಅಮೆರಿಕದ್ದು ಕೆಲವೇ ನಿಮಿಷಗಳ ಸಂದರ್ಶನ. ಚೆನ್ನೈ, ಹೈದರಾಬಾದ್ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಂತಾಗ ಬಾಯಿಪಾಠ ಮಾಡಿದ್ದು ಕೈಕೊಡುತ್ತದೆ, ಸ್ವಂತ ಅನುಭವ ಕೈಬಿಡುವುದಿಲ್ಲ.

ಅಂಕಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲರಲ್ಲೂ ಇರುತ್ತವೆ. ವಿಷಯ ಬದಲಿಸಿದವರ ಅರ್ಜಿಗೆ ಬೇಕಾದದ್ದು ಬದಲಾವಣೆ ಎಲ್ಲಿ, ಯಾವಾಗ ಆಯಿತು ಎಂಬ ದಾಖಲೆ: ಕೆಲಸದ ಸ್ವರೂಪ ವಿವರಿಸುವ ಕಂಪನಿಯ ಪತ್ರ, ಹೊಸ ವಿಷಯದಲ್ಲಿ ಮಾಡಿದ ಒಂದಾದರೂ ಕೋರ್ಸು, ಓದು ಮುಗಿಸಿ ಬಂದರೆ ಇಲ್ಲಿ ಎಲ್ಲಿ, ಯಾವ ಹುದ್ದೆ ಎಂಬ ವಿವರ. ಭಾಷೆ ತಿದ್ದಿಸಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ಬರೆಯಬೇಕಾದವರು ನೀವೇ.

ಸೈಟು ಅಡವಿಟ್ಟು ದುಡ್ಡು ಹೊಂದಿಸುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಅರ್ಜಿಯಲ್ಲಿ ಸುಳ್ಳು ವಿವರ ಸೇರಿದ್ದು ಕಂಡರೆ ಕೆನಡಾ ಐದು ವರ್ಷ ಪ್ರವೇಶ ನಿಷೇಧಿಸಬಹುದು. ಸೇರಿಸಿದ್ದು ಏಜೆಂಟ್ ಎಂದರೂ ಹೊಣೆ ಮಾತ್ರ ಅರ್ಜಿದಾರರದ್ದೇ. ಆದ್ದರಿಂದ ಕನ್ಸಲ್ಟೆನ್ಸಿಗೆ ಹಣ ಕಟ್ಟುವ ಮೊದಲೇ ಹೇಳಿ: ವೀಸಾ ಅರ್ಜಿಯ ಅಕೌಂಟಿನ ಪಾಸ್‌ವರ್ಡ್ ಮಗಳ ಕೈಯಲ್ಲಿರಬೇಕು, ಸಲ್ಲಿಸುವ ಪ್ರತಿ ಪುಟವನ್ನೂ ಅವಳು ಮೊದಲು ಓದಿರಬೇಕು. ಇದಕ್ಕೆ ಒಪ್ಪದ ಕಡೆ ಹಣ ಕಟ್ಟಬೇಡಿ.