ಕಣಾದನ ಪರಮಾಣು, ಕೋಲಾರದ ಕಬ್ಬಿಣ

ವಸ್ತುವಿನ ಮೂಲ ಏನೆಂಬುದನ್ನು ವೈಶೇಷಿಕ ದರ್ಶನದ ಮೂಲಪುರುಷ ಕಣಾದ ಎಂದೋ ಹೇಳಿ ಮುಗಿಸಿದ್ದಾನೆ, ಇಂದಿನ ವಿಜ್ಞಾನ ಅದನ್ನೇ ಗಿಳಿಪಾಠ ಒಪ್ಪಿಸುತ್ತಿದೆ ಎಂದು ಕಳೆದ ವಾರದ ಪುರವಣಿಯಲ್ಲಿ ಲೇಖಕರೊಬ್ಬರು ಬರೆದಿದ್ದಾರೆ. ಅವರು ಒಮ್ಮೆ ವಿಜಯಪುರದ ಭೂತನಾಳ ಕೆರೆಗೆ ಬರಲಿ. ವೈಶೇಷಿಕರ ಪ್ರಕಾರ ದಂಡೆಯ ಕರಿಕಲ್ಲಿನ ಪರಮಾಣುವೇ ಬೇರೆ, ಕೆರೆನೀರಿನದೇ ಬೇರೆ. ಪೃಥ್ವಿಯ ಪರಮಾಣುವಿಗೆ ಗಂಧ ಬೇರೆ ಉಂಟು! ಆದರೆ ಆ ಬಸಾಲ್ಟ್ ಕಲ್ಲಿನ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಆಮ್ಲಜನಕ, ನೀರಿನಲ್ಲಿ ಒಂಬತ್ತರಲ್ಲಿ ಎಂಟು ಪಾಲು ಅದೇ ಆಮ್ಲಜನಕ. ಗಿಳಿಪಾಠ ಎಲ್ಲಿ ಬಂತು?

ಕಣಾದ ದೊಡ್ಡ ಚಿಂತಕ, ತಕರಾರಿಲ್ಲ. ಅವನ ಪರಮಾಣು ಒಡೆಯದ್ದು, ನಿತ್ಯ. ನಮ್ಮದು ಒಡೆಯಿತು: 1897ರಲ್ಲಿ ಎಲೆಕ್ಟ್ರಾನ್, 1911ರಲ್ಲಿ ಬೀಜಕೇಂದ್ರ, 1960ರ ದಶಕದ ಕೊನೆಗೆ ಪ್ರೋಟಾನಿನೊಳಗೂ ಕ್ವಾರ್ಕುಗಳ ಸುಳಿವು. ಆ ಮೂರು ಕ್ವಾರ್ಕುಗಳ ಸ್ವಂತ ರಾಶಿ ಪ್ರೋಟಾನಿನ ರಾಶಿಯ ಶೇ. 1ರಷ್ಟು ಮಾತ್ರ, ಮಿಕ್ಕದ್ದು ಅವುಗಳ ಓಟದ, ಅವುಗಳನ್ನು ಬಿಗಿದಿಟ್ಟ ಬಲದ ಶಕ್ತಿ. ಕೈಯಲ್ಲಿ ಹಿಡಿದ ಕಲ್ಲಿನ ಭಾರ ಬಹುಪಾಲು ‘ಕಣ’ದ್ದೇ ಅಲ್ಲ.

ಪ್ರೋಟಾನಾದರೂ ನಿತ್ಯವೇ? ಇದನ್ನು ನಮ್ಮ ಕೋಲಾರದ ಚಿನ್ನದ ಗಣಿಯಲ್ಲೇ ಕೇಳಿದರು. 1980ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನೀಯರ ಜೊತೆಗೂಡಿ, ಎರಡು ಕಿಲೋಮೀಟರಿಗೂ ಆಳದಲ್ಲಿ ಸುಮಾರು 140 ಟನ್ನಿನ ಕಬ್ಬಿಣದ ಶೋಧಕ ಜೋಡಿಸಿ, ಪ್ರೋಟಾನ್ ಒಂದಾದರೂ ಅಳಿಯುತ್ತದೆಯೇ ಎಂದು ವರ್ಷಗಟ್ಟಲೆ ಕಾದರು. ಅಳಿದಿರಬಹುದೆಂದು ಕೆಲವು ಗುರುತುಗಳನ್ನು ಪ್ರಕಟಿಸಿದರು ಕೂಡ. ಜಪಾನ್, ಅಮೆರಿಕದ ಇನ್ನೂ ದೊಡ್ಡ ನೀರಿನ ತೊಟ್ಟಿಯ ಶೋಧಕಗಳಲ್ಲಿ ಅಂಥ ಗುರುತು ಸಿಗಲಿಲ್ಲ. ಕೋಲಾರದ ಆ ಮಾತು ಊರ್ಜಿತವಾಗಲಿಲ್ಲ.

ವಿಜ್ಞಾನ ತನ್ನ ಮಾತನ್ನೂ ಹೀಗೆ ಪರೀಕ್ಷೆಗೆ ಒಡ್ಡುತ್ತದೆ. ಏನು ಕಂಡರೆ ಕಣಾದ ತಪ್ಪಿದ ಎಂದು ಒಪ್ಪುತ್ತೀರಿ? ಲೇಖಕರು ಮುಂದಿನ ವಾರ ಅದನ್ನಷ್ಟೇ ಬರೆಯಲಿ.