ತೋಟಾ ಒಂದು, ಕೋವಿ ಎರಡು

ರಿವಾಲ್ವರಿಗೂ ರೈಫಲಿಗೂ ಒಂದೇ ತೋಟಾವನ್ನು ಬಳಸುವ ಪದ್ಧತಿಯು ಅಮೆರಿಕಾ ದೇಶದಲ್ಲಿ ಸುಮಾರು ಒಂದೂವರೆ ಶತಮಾನದಿಂದ ನಡೆದುಬಂದಿದೆ. 1873ರಲ್ಲಿ ವಿಂಚೆಸ್ಟರ್ ಕಂಪೆನಿಯವರು ಹೊರತಂದ ರೈಫಲಿನ ತೋಟಾದಲ್ಲಿ 40 ಗ್ರೇನು, ಎಂದರೆ ಎರಡೂವರೆ ಗ್ರಾಮಿಗೆ ತುಸು ಮೇಲ್ಪಟ್ಟು, ಕರಿಮದ್ದೂ 200 ಗ್ರೇನಿನ ಸೀಸದ ಗುಂಡೂ ಇರುತ್ತಿದ್ದುವು. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪೆನಿಯವರು ಅದೇ ತೋಟಾಕ್ಕೆ ಒಪ್ಪುವ ರಿವಾಲ್ವರನ್ನು ಮಾಡಿದರು. ಅಂಗಡಿಯಿಂದ ಬಹುದೂರ ನೆಲಸಿದ್ದ ಒಕ್ಕಲಿಗನಿಗೆ ಸೊಂಟದ ಪಟ್ಟಿಯಲ್ಲಿ ಒಂದೇ ಜಾತಿಯ ತೋಟಾ ಇದ್ದರೆ ಸಾಕಾಯಿತು. ಹೊಡೆದ ಮೇಲೆ ಉಳಿದ ಹಿತ್ತಾಳೆಯ ಕೇಸನ್ನು ಅವನು ಎಸೆಯುತ್ತಿರಲಿಲ್ಲ. ಸುಟ್ಟ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದನ್ನು ಅಳೆದು ಸುರಿದು, ತಾನೇ ಎರಕ ಹೊಯ್ದ ಗುಂಡನ್ನು ಬಾಯಿಗೊತ್ತಿ ಬಿಗಿಮಾಡುತ್ತಿದ್ದನು. ಇದಕ್ಕೆ ಬೇಕಾದ ಇಕ್ಕುಳವನ್ನೂ ಅಚ್ಚನ್ನೂ ಕೋವಿ ಮಾರುವ ಕಂಪೆನಿಯವರೇ ಮಾರುತ್ತಿದ್ದರು. ಸ್ವಾವಲಂಬನವೆಂದರೆ ಇದೇ ಅಲ್ಲವೆ?

ಆದರೆ ಈ ಕೆಲಸದಲ್ಲಿ ಒಂದು ಮರ್ಮವುಂಟು. ಕರಿಮದ್ದು ಕೇಸನ್ನು ತುಂಬಿಬಿಡುತ್ತಿತ್ತು. ಮರೆತು ಎರಡನೆಯ ಬಾರಿ ಸುರಿದರೆ ಹೊರಚೆಲ್ಲಿ ತಾನೇ ಎಚ್ಚರಿಸುತ್ತಿತ್ತು. ಮೇಲೆ ಕುಳಿತ ಗುಂಡಿಗೆ ಅದೇ ಆಧಾರವೂ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಹೊಗೆಯಿಲ್ಲದ ಮದ್ದು ಹಾಗಲ್ಲ. ಅದರ ಸರಿಯಾದ ಪ್ರಮಾಣ ಕೇಸಿನ ತಳದಲ್ಲಿ ಅಡಗುವುದು. ಎರಡು ಪಾಲು ಬಿದ್ದರೂ ಹಿಡಿಸುವುದು. ಹೊರಗಿನಿಂದ ನೋಡಿದವನಿಗೆ ಗುರುತೇ ಸಿಕ್ಕದು. ಗುಂಡನ್ನು ಬಿಗಿಯಾಗಿ ಹಿಡಿಸದಿದ್ದರೆ ರೈಫಲಿನ ಕೊಳವೆಯೊಳಗಿನ ಸ್ಪ್ರಿಂಗು ಅದನ್ನು ಒಳಕ್ಕೆ ನೂಕಿ ಒತ್ತಡವನ್ನು ಏರಿಸುವುದು. ತೀರ ಕಡಿಮೆ ಹಾಕಿದರೂ ಕ್ಷೇಮವಿಲ್ಲ. ರಿವಾಲ್ವರಿನ ಗಿಡ್ಡ ನಳಿಗೆಯಿಂದ ಹೊರಬಿದ್ದ ಗುಂಡು ರೈಫಲಿನ ಉದ್ದ ನಳಿಗೆಯ ನಡುವೆಯೇ ಸಿಕ್ಕಿಕೊಳ್ಳಬಹುದು. ಅದನ್ನರಿಯದೆ ಮತ್ತೊಂದು ಈಡು ಹಾರಿಸಿದವನ ಗತಿಯನ್ನು ಬರೆಯಬೇಕಾಗಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಂಚೆಸ್ಟರ್ ಕಂಪೆನಿಯವರು ಹೆಚ್ಚು ವೇಗದ ತೋಟಾಗಳನ್ನು ಮಾರಾಟಕ್ಕೆ ತಂದರು. 1892ರ ಮಾದರಿಯ ಗಟ್ಟಿ ರೈಫಲು ಅವನ್ನು ತಾಳಿಕೊಳ್ಳುತ್ತಿತ್ತು. 1873ರ ಹಳೆಯ ರೈಫಲಿಗೂ ರಿವಾಲ್ವರಿಗೂ ಅವು ಒಳಕ್ಕೆ ಸಲೀಸಾಗಿ ಹೋಗುತ್ತಿದ್ದುವು, ಆದರೆ ಹಾಕಕೂಡದೆಂದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿತ್ತು. ಕೋವಿಯ ಮನೆಯೊಳಗೆ ತೋಟಾ ಕೂತಮಾತ್ರಕ್ಕೆ ಅದು ಆ ಕೋವಿಯದಲ್ಲ. ಅಂಗಡಿಯ ಸರಕಿಗೇ ಈ ಎಚ್ಚರಿಕೆ ಬೇಕಾದರೆ ಮನೆಯಲ್ಲಿ ತುಂಬುವವನಿಗೆ ಎಷ್ಟು ಬೇಕು! ಆ ದೇಶದಲ್ಲಿ ಅವನ ಕೈಗೆ ತಕ್ಕಡಿಯುಂಟು, ಒಂದೊಂದು ಮದ್ದಿಗೂ ಒಂದೊಂದು ಗುಂಡಿಗೂ ಮಿತಿಯನ್ನು ಅಚ್ಚುಹಾಕಿದ ಕೈಪಿಡಿಯುಂಟು.

ದೂರದ ಈ ಸಂಗತಿ ಕನ್ನಡಿಗರಿಗೇಕೆಂದು ವಾಚಕರು ಕೇಳಬಹುದು. ನಮ್ಮಲ್ಲಿ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವುದನ್ನು 1959ರ ಆಯುಧ ಕಾಯಿದೆಯು ನಿಷೇಧಿಸಿದೆ. ರಿವಾಲ್ವರಿನ ತೋಟಾವನ್ನು ಮನೆಮನೆಯಲ್ಲಿ ತುಂಬುವಂತಾಗಲೆಂದು ನಾವು ಹೇಳುವವರಲ್ಲ. ನಗರಗಳ ಈಗಿನ ಸ್ಥಿತಿಯಲ್ಲಿ ಅದು ಹುಚ್ಚುತನವಾದೀತು. ಆದರೆ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಬೆಳೆ ಕಾಯಲು ಕೇಪಿನ ಕೋವಿ ಹಿಡಿದ ರೈತನನ್ನು ನೋಡಿರಿ. ಮದ್ದು, ಬತ್ತಿ, ಚರೆ ಇವುಗಳನ್ನು ನಳಿಗೆಯ ಬಾಯಿಂದ ಜಡಿದು ಪ್ರತಿಯೊಂದು ಈಡನ್ನೂ ತುಂಬುವವನು ಅವನೇ. ಅವನಿಗೆ ತಕ್ಕಡಿ ಯಾರು ಕೊಟ್ಟರು? ಕೈಪಿಡಿಯನ್ನು ಕನ್ನಡದಲ್ಲಿ ಯಾರು ಬರೆದರು? ತೋಟಾದಿಂದ ಕಿತ್ತ ಹೊಗೆಯಿಲ್ಲದ ಮದ್ದನ್ನು ಕರಿಮದ್ದಿನ ಅಳತೆಯಲ್ಲಿ ಸುರಿದರೆ ಆ ಹಳೆಯ ನಳಿಗೆ ಅವನ ಮುಖದ ಬಳಿಯೇ ಸಿಡಿಯುವುದೆಂದು ಅವನನ್ನು ಕೂರಿಸಿಕೊಂಡು ಹೇಳುವ ಅಧಿಕಾರಿ ಯಾರು?

1878ರಲ್ಲಿ ಲಿಟ್ಟನ್ ಪ್ರಭುವಿನ ಸರಕಾರವು ಆಯುಧ ಕಾಯಿದೆಯನ್ನು ಹೇರಿದಾಗ ಅದರ ಉದ್ದೇಶ ನಮ್ಮನ್ನು ನಿಶ್ಶಸ್ತ್ರರನ್ನಾಗಿ ಮಾಡುವುದಾಗಿತ್ತು. ಕಲಿಸುವ ಮಾತೇ ಅಲ್ಲಿರಲಿಲ್ಲ. 1931ರ ಕರಾಚಿ ಕಾಂಗ್ರೆಸ್ಸು, ನಿಯಮಕ್ಕೊಳಪಟ್ಟು ಆಯುಧ ಹೊಂದುವುದು ಪ್ರಜೆಯ ಹಕ್ಕೆಂದು ಸಾರಿತು. ಸ್ವರಾಜ್ಯ ಬಂದಮೇಲೆ ನಿಯಮಗಳು ಬೆಳೆದುವು, ಅರ್ಜಿಯ ನಮೂನೆಗಳು ಬೆಳೆದುವು. ಕೋವಿ ಹೊಂದುವ ವಿಷಯದಲ್ಲಿ ಕೊಡಗಿನವರಿಗಿರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದ್ದು ಯುಕ್ತವೇ. ವಿನಾಯಿತಿ ಸಿಕ್ಕಿತು, ವಿದ್ಯೆ ಸಿಕ್ಕಲಿಲ್ಲ.

2016ರ ಆಯುಧ ನಿಯಮಗಳಲ್ಲಿ ಲೈಸೆನ್ಸು ಬೇಡುವವನಿಗೆ ಸುರಕ್ಷತೆಯ ತರಬೇತಿಯನ್ನು ವಿಧಿಸಿರುವುದನ್ನು ನಾವು ಸ್ವಾಗತಿಸುತ್ತೇವೆ. ಅದು ಪ್ರಮಾಣಪತ್ರದ ಕಾಗದವಾಗಿ ಮುಗಿಯಕೂಡದು. ಕೇಪಿನ ಕೋವಿಯವನಿಗೆ ಮದ್ದಿನ ಜಾತಿಯನ್ನು ಕಣ್ಣಾರೆ ತೋರಿಸಿ, ಅಳೆಯುವುದನ್ನು ಕೈಯಾರೆ ಮಾಡಿಸಿ, ನಳಿಗೆ ಸವೆದಿದೆಯೆ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸತಕ್ಕದ್ದು. ಲೈಸೆನ್ಸಿನ ಅವಧಿ ಈಗ ಐದು ವರ್ಷ. ನವೀಕರಣಕ್ಕೆಂದು ರೈತನು ಬಸ್ಸಿನ ಹಣ ತೆತ್ತು ಕಚೇರಿಗೆ ಬಂದೇ ಬರುತ್ತಾನೆ. ಆ ದಿನ ಅವನನ್ನು ಬಾಗಿಲಲ್ಲಿ ಕಾಯಿಸುವ ಹೊತ್ತಿನಲ್ಲಿ ಅರ್ಧ ಗಂಟೆಯನ್ನು ಈ ಪಾಠಕ್ಕೆ ತೆಗೆದಿಡುವಂತೆ ಜಿಲ್ಲಾಧಿಕಾರಿಗಳು ಅಪ್ಪಣೆಮಾಡಬೇಕು. ಹಣದ ಮಂಜೂರಾತಿಗೆ ಕಾಯುವ ಕೆಲಸವೇನೂ ಇದರಲ್ಲಿ ಇಲ್ಲ.